ಕಾರು ಕೈಗೆ ಬಂತು, ಕಾಗದವೆಲ್ಲಿ?

ಹಳೆಯ ಕಾರನ್ನು ಕೊಳ್ಳುವುದು ಈಗ ಧನಿಕರ ವಿಲಾಸವಾಗಿ ಉಳಿದಿಲ್ಲ. ಹತ್ತಾರು ವರ್ಷ ಗಲ್ಲಾದಲ್ಲಿ ಕುಳಿತು ನಾಲ್ಕು ಕಾಸು ಕೂಡಿಸಿದ ಮ್ಯಾನೇಜರು, ಬೆಳಗಿನ ಜಾವ ಮಾರುಕಟ್ಟೆಯಿಂದ ತರಕಾರಿ ತರಬೇಕಾದ ಕ್ಯಾಂಟೀನಿನ ಕಂಟ್ರಾಕ್ಟರು, ಹೆಂಡತಿ ಮಕ್ಕಳೊಡನೆ ವರುಷಕ್ಕೊಮ್ಮೆ ಊರಿಗೆ ಹೋಗಬಯಸುವ ಗುಮಾಸ್ತರು, ಇವರೆಲ್ಲರೂ ಹಳೆಯ ಮಾರುತಿಯನ್ನೋ ಓಮ್ನಿಯನ್ನೋ ಕೊಳ್ಳುತ್ತಿದ್ದಾರೆ. ಸಂತೋಷದ ಸಂಗತಿಯೇ. ಆದರೆ ಹಣವೆಲ್ಲ ಸಂದು ಬೀಗದ ಕೈ ಜೇಬಿಗೆ ಬಂದ ಮೇಲೂ ಆರ್.ಸಿ. ಪುಸ್ತಕ ಬಂದಿರುವುದಿಲ್ಲ, ಬಂದರೂ ಅದರಲ್ಲಿ ಕಂಡೂ ಕೇಳೂ ಅರಿಯದವನ ಹೆಸರಿರುತ್ತದೆ. "ನಾಳೆ ಕೊಡುತ್ತೇನೆ" ಎಂದವನ ನಾಳೆ ಆರು ತಿಂಗಳಾದರೂ ಬರುವುದಿಲ್ಲ. ಇಂತಹ ಸ್ಥಿತಿಯಲ್ಲಿ ಮಾಡತಕ್ಕುದೇನು ಎಂಬುದನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಹೋಟೆಲನ್ನು ವಹಿಸಿಕೊಳ್ಳುವವನು ಗುಮಾಸ್ತಾ ಲೈಸೆನ್ಸು ಯಾರ ಹೆಸರಿನಲ್ಲಿದೆ, ಬಾಡಿಗೆ ಚೀಟಿ ಯಾರದು, ಲೈಟು ಬಿಲ್ಲು ಬಾಕಿಯುಂಟೆ ಎಂದು ನೋಡದೆ ಪಗಡಿ ಎಣಿಸಿಕೊಡುವುದಿಲ್ಲ. ಅದೇ ಮನುಷ್ಯನು ಕಾರಿನ ಬಣ್ಣವನ್ನೂ ಟಯರನ್ನೂ ನೋಡಿ ಲಕ್ಷ ರೂಪಾಯಿ ಕೊಟ್ಟುಬಿಡುವನು! ತನಗಿಲ್ಲದ ಹಕ್ಕನ್ನು ಮಾರುವವನು ಕೊಳ್ಳುವವನಿಗೆ ಕೊಡಲಾರನೆಂಬುದು 1930ರ ಸರಕು ಮಾರಾಟ ಕಾಯಿದೆಯ ಮೂಲ ತತ್ತ್ವ. ಕದ್ದ ಕಾರನ್ನು ಎಷ್ಟೇ ಪ್ರಾಮಾಣಿಕವಾಗಿ ಕೊಂಡರೂ ಅದು ಕೊಂಡವನದಾಗದು.

ಇಲ್ಲಿ ಕೊಂಡವನಿಗೆ ಮಾತ್ರವೇ ಅಪಾಯವೆಂದು ಮಾರಿದವನು ತಿಳಿಯಬಾರದು. 2007ರಲ್ಲಿ ಮಾರಿದ ಒಂದು ಕಾರು ಕೈಯಿಂದ ಕೈಗೆ ದಾಟುತ್ತ ಹೋಗಿ 2009ರಲ್ಲಿ ಪ್ರಾಣಹಾನಿಯ ಅಪಘಾತಕ್ಕೆ ಕಾರಣವಾಯಿತು. ಪುಸ್ತಕದಲ್ಲಿ ಮಾತ್ರ ಮೊದಲನೆಯವನ ಹೆಸರೇ ಉಳಿದಿತ್ತು. ಪರಿಹಾರ ಕೊಡಬೇಕಾದ ಮಾಲೀಕನು ನೋಂದಣಿಯಲ್ಲಿ ಹೆಸರಿರುವವನೇ ಎಂದು 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಕಾರನ್ನು ಮಾರಿ ಹಣವನ್ನು ಖರ್ಚು ಮಾಡಿ ಮರೆತುಬಿಟ್ಟ ಮನುಷ್ಯನ ಬಾಗಿಲಿಗೆ ಸಮನ್ಸು ಬರುವುದೆಂದರೆ ಇದೇ. ಆದುದರಿಂದ ಮಾರಿದವನನ್ನು ಹುಡುಕಿಕೊಂಡು ಹೋಗುವ ನಮ್ಮವರು ಅಂಗಲಾಚಬೇಕಾಗಿಲ್ಲ. ವರ್ಗಾವಣೆ ಆತನಿಗೂ ಬೇಕಾದುದೇ ಎಂದು ತಿಳಿಯಹೇಳಿದರೆ ಅರ್ಧ ಕೆಲಸ ಆದಂತೆ.

ಮೊಟ್ಟಮೊದಲು ಕಾರನ್ನು ರಸ್ತೆಗೆ ಇಳಿಸುವುದನ್ನು ನಿಲ್ಲಿಸಬೇಕು. ಬಾನೆಟ್ಟನ್ನು ಎತ್ತಿ ಚಾಸಿ ನಂಬರನ್ನೂ ಎಂಜಿನ್ ನಂಬರನ್ನೂ ಬರೆದುಕೊಳ್ಳಬೇಕು. ಗುರುತಿನ ಮೆಕ್ಯಾನಿಕ್ಕನಿದ್ದರೆ ಆತನು ತೋರಿಸಿಕೊಡುವನು. ಕೇಂದ್ರ ಸರಕಾರದ ವಾಹನ್ ದಫ್ತರಿನಲ್ಲಿ ಕಾರಿನ ನಂಬರನ್ನು ಹಾಕಿದರೆ, ಮೊಬೈಲಿನಲ್ಲಿಯೇ, ಅದು ಯಾವ ಆರ್.ಟಿ.ಓ. ಕಚೇರಿಯದು, ವಿಮೆ ಯಾವ ದಿನಾಂಕದವರೆಗೆ, ಬ್ಯಾಂಕಿನ ಸಾಲ ಇದೆಯೇ ಎಂಬುದು ತಿಳಿಯುತ್ತದೆ. ಮಾಲೀಕನ ಹೆಸರಿನ ಕೆಲವು ಅಕ್ಷರಗಳನ್ನು ಮುಚ್ಚಿರುತ್ತಾರೆ. ಆದರೂ ಮಾರಿದವನು ಹೇಳಿದ ಹೆಸರಿಗೆ ಹೊಂದುತ್ತದೆಯೋ ಇಲ್ಲವೋ ಎಂದು ಊಹಿಸಲು ಅಷ್ಟು ಸಾಕು. ನಂಬರುಗಳು ತಾಳೆಯಾಗದಿದ್ದರೆ, ಅಥವಾ ಚಾಸಿ ನಂಬರನ್ನು ಉಜ್ಜಿ ಅಳಿಸಿದಂತೆ ಕಂಡರೆ, ಏಜೆಂಟನ ಬಳಿಗಲ್ಲ, ನೆಟ್ಟಗೆ ಪೋಲೀಸು ಠಾಣೆಗೆ ಹೋಗಬೇಕು. ಕಾರು ಹೋದೀತು, ಹಣವೂ ಹೋದೀತು; ಆದರೆ ಕಳವಿನ ಮಾಲೆಂದು ತಿಳಿದೂ ಇಟ್ಟುಕೊಂಡವನಿಗೆ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಂತೆ ಮೂರು ವರ್ಷಗಳವರೆಗೆ ಸೆರೆವಾಸವುಂಟು.

ಕಳವಿನ ಶಂಕೆ ಇಲ್ಲದಿದ್ದಲ್ಲಿ ದಾರಿಗಳಿವೆ. ಪುಸ್ತಕ ಕಳೆದುಹೋಗಿದೆಯೆಂದು ಮಾರಿದವನು ಹೇಳಿದರೆ, ಅದರ ನಕಲಿಗೆ ಫಾರಂ 26ರಲ್ಲಿ ಅರ್ಜಿ ಹಾಕಬೇಕಾದವನು ನೋಂದಾಯಿತ ಮಾಲೀಕನೇ, ಕೊಂಡವನಲ್ಲ. ಸಾಲ ತೀರಿದ್ದರೆ ಬ್ಯಾಂಕಿನಿಂದ ಫಾರಂ 35 ಮತ್ತು ಆಕ್ಷೇಪಣೆ ಇಲ್ಲವೆಂಬ ಪತ್ರ ಬರಬೇಕು. ಸಾಲ ಬಾಕಿ ಇದ್ದರೆ ಕೊಂಡವನ ಮನೆಯಂಗಳದಿಂದಲೇ ಕಾರು ಎಳೆಯಲ್ಪಡಬಹುದು. ಮಾಲೀಕನು ತೀರಿಕೊಂಡಿದ್ದರೆ ಅವನ ವಾರಸುದಾರನು ಫಾರಂ 31ರಂತೆ ಮೊದಲು ತನ್ನ ಹೆಸರಿಗೆ ಮಾಡಿಸಿಕೊಂಡು ಆಮೇಲೆ ಮಾರಬೇಕು. ಇವೆಲ್ಲ ನೇರಾದ ಮೇಲೆ ಮಾರಿದವನು ಫಾರಂ 29ಕ್ಕೂ, ಇಬ್ಬರೂ ಫಾರಂ 30ಕ್ಕೂ ಸಹಿ ಹಾಕಿ ಕಚೇರಿಗೆ ಕೊಡತಕ್ಕುದು. 1988ರ ಮೋಟಾರು ವಾಹನ ಕಾಯಿದೆಯ 50ನೆಯ ಕಲಮಿನ ಪ್ರಕಾರ ಒಂದೇ ರಾಜ್ಯದೊಳಗಾದರೆ ಮಾರಿದವನಿಗೆ 14 ದಿನ, ಕೊಂಡವನಿಗೆ 30 ದಿನ ಗಡುವು. ಗಡುವು ಮೀರಿತೆಂದು ಹೆದರಿ ಸುಮ್ಮನಿರುವವರಿದ್ದಾರೆ. ಅದು ತಪ್ಪು. ತಡವಾದುದಕ್ಕೆ ದಂಡ ಕಟ್ಟಿ ವರ್ಗಾವಣೆ ಮಾಡಿಸಿಕೊಳ್ಳಬಹುದು.

ವಿಮೆಯನ್ನು ಬಹಳ ಮಂದಿ ಮರೆಯುತ್ತಾರೆ. ದಾರಿಹೋಕರಿಗಾದ ಹಾನಿಯ ವಿಮೆಯು ಕಾರಿನ ಜೊತೆಗೇ ಬರುವುದಾದರೂ, ಸ್ವಂತ ಕಾರು ಜಜ್ಜಿಹೋದರೆ ಹಳೆಯವನ ಹೆಸರಿನ ಪಾಲಿಸಿಯಿಂದ ನಿಮಗೆ ಹಣ ಬರುವ ಭರವಸೆಯಿಲ್ಲ. ಕೊಂಡ 14 ದಿನಗಳಲ್ಲಿ ಕಂಪನಿಗೆ ಬರೆಯಬೇಕು.

ಕಾರು ಬೇರೆ ರಾಜ್ಯದ್ದಾದರೆ ತೊಡಕು ಇನ್ನೊಂದು ಸುತ್ತು ಹೆಚ್ಚು. ಮೂಲ ಕಚೇರಿಯಿಂದ ಫಾರಂ 28ರ ಆಕ್ಷೇಪಣಾರಹಿತ ಪತ್ರ ಬರಬೇಕು. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಹೊಸ ರಾಜ್ಯದಲ್ಲಿ ಇಡುವುದಾದರೆ ಹೊಸ ನಂಬರು ಪಡೆದು ಅಲ್ಲಿಯ ತೆರಿಗೆ ಕಟ್ಟಬೇಕು. ದಿಲ್ಲಿಯಲ್ಲಿ ಅಗ್ಗವೆಂದು ಕೊಂಡು ಪುಣೆಗೆ ತರುವವರೂ, ಮುಂಬಯಿಯಲ್ಲಿ ಕೊಂಡು ಕುಂದಾಪುರದ ಮನೆಯಲ್ಲಿ ನಿಲ್ಲಿಸುವವರೂ ಈ ತೆರಿಗೆಯನ್ನು ಸೇರಿಸಿ ಲೆಕ್ಕ ಹಾಕಲಿ. ಅಗ್ಗದ ಕಾರು ಅಗ್ಗವಾಗಿ ಉಳಿಯುವುದು ಅಪರೂಪ.

ಮಾರಿದವನು ಮುಖವನ್ನೇ ತೋರದಿದ್ದರೆ? ಹಣ ಕೊಟ್ಟದ್ದಕ್ಕೆ ಆಧಾರವನ್ನು ಒಟ್ಟುಗೂಡಿಸಿ: ಬ್ಯಾಂಕಿನ ಲೆಕ್ಕ, ಮೊಬೈಲಿನಿಂದ ಕಳಿಸಿದ ಹಣದ ಗುರುತು, ಅವನು ಬರೆದ ಸಂದೇಶಗಳು. ಅವನಿಗೂ, ಪುಸ್ತಕದಲ್ಲಿರುವ ಮಾಲೀಕನ ವಿಳಾಸ ಸಿಕ್ಕಿದರೆ ಆತನಿಗೂ, ಕೈಸೇರಿದ್ದಕ್ಕೆ ಸಹಿ ದೊರೆಯುವಂತೆ ಅಂಚೆಯಲ್ಲಿ ನೋಟೀಸು ಕಳಿಸಿ. ಮಾರಿದವನು ವ್ಯಾಪಾರಿಯಾಗಿದ್ದರೆ ಗ್ರಾಹಕರ ಆಯೋಗಕ್ಕೆ ದೂರಬಹುದು. ಹಳೆಯ ವಾಹನಗಳ ವ್ಯಾಪಾರಿಗಳು ಸಾರಿಗೆ ಅಧಿಕಾರಿಯಿಂದ ಅಧಿಕಾರಪತ್ರ ಪಡೆಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ; ಅದನ್ನು ತೋರಿಸೆಂದು ಕೇಳಲು ಸಂಕೋಚವೇಕೆ? ಮೋಸದ ಉದ್ದೇಶ ಮೊದಲಿನಿಂದಲೇ ಇದ್ದಿತೆಂದು ಕಂಡುಬಂದರೆ ವಂಚನೆಯ ದೂರನ್ನು ಪೋಲೀಸರಿಗೆ ಕೊಡಬಹುದು. ಈ ಮಧ್ಯೆ, ತಾರೀಖು ಹಾಕದ ಖಾಲಿ ಫಾರಮಿನ ಮೇಲೆ ಮಾರಿದವನ ಸಹಿ ಇಟ್ಟುಕೊಂಡು ಇನ್ನೊಬ್ಬನಿಗೆ ದಾಟಿಸಿ ಕೈತೊಳೆದುಕೊಳ್ಳಿರೆಂದು ಬುದ್ಧಿ ಹೇಳುವ ಏಜೆಂಟರು ಸಿಕ್ಕುವರು. ನಮಗಾದ ಕಷ್ಟವನ್ನು ಮತ್ತೊಬ್ಬ ಬಡವನ ಕೊರಳಿಗೆ ಕಟ್ಟುವ ಈ ಉಪಾಯವನ್ನು ನಮ್ಮವರು ಒಪ್ಪಲಾಗದು.

ಕೊನೆಯದಾಗಿ ಒಂದು ಮಾತನ್ನು ಹೋಟೆಲು ಮಾಲೀಕರಿಗೆ ಹೇಳಬೇಕಾಗಿದೆ. ಆ ಗಾದಿಯ ಮೇಲೆ ನಾವೂ ಕುಳಿತವರಾದ್ದರಿಂದ ಸಲಿಗೆಯಿಂದಲೇ ಹೇಳುತ್ತೇವೆ. ನಮ್ಮ ಕೆಲಸಗಾರರು ಕಾರನ್ನೂ ಸ್ಕೂಟರನ್ನೂ ಹಳೆಯವನ ಹೆಸರಿನಲ್ಲೇ ಓಡಿಸುವುದು ಎಲ್ಲ ವೇಳೆಯಲ್ಲೂ ಉದಾಸೀನದಿಂದಲ್ಲ. ವರ್ಗಾವಣೆಗೆ ಈ ಊರಿನ ವಿಳಾಸದ ಪುರಾವೆ ಬೇಕು. ಹೋಟೆಲಿನ ಮಾಳಿಗೆಯ ಮೇಲೆ ಹಾಸಿಗೆ ಬಿಚ್ಚುವವನಿಗೆ ಬಾಡಿಗೆ ಚೀಟಿ ಎಲ್ಲಿಂದ ಬರಬೇಕು? ಅವನ ಆಧಾರ್ ಕಾರ್ಡು ಊರಿನ ಮನೆಯ ಹೆಸರನ್ನೇ ಹೇಳುತ್ತದೆ. ಇಪ್ಪತ್ತು ವರ್ಷ ಈ ಪಟ್ಟಣದಲ್ಲಿ ದುಡಿದವನು ಕಾಗದದಲ್ಲಿ ಇಲ್ಲಿ ಇಲ್ಲವೇ ಇಲ್ಲ! ಶಾಸಕರು, ನಗರಪಾಲಿಕೆಯ ಸದಸ್ಯರು ಅಥವಾ ಗೆಜೆಟೆಡ್ ಅಧಿಕಾರಿಗಳು ನಿಗದಿಯಾದ ನಮೂನೆಯಲ್ಲಿ ಬರೆದುಕೊಟ್ಟರೆ ಆಧಾರಿನ ವಿಳಾಸವನ್ನು ಬದಲಿಸಿಕೊಳ್ಳಲು ಅವಕಾಶವುಂಟು. ಆದರೆ ಮಾಣಿಯೊಬ್ಬನು ತಾನಾಗಿ ನಗರಸೇವಕರ ಕಚೇರಿಯ ಮೆಟ್ಟಿಲು ಹತ್ತಿದರೆ ಕೇಳುವವರಾರು? ಆ ನಮೂನೆಯನ್ನು ತರಿಸಿ, ಇವನು ನಮ್ಮಲ್ಲಿಯೇ ಇರುವವನೆಂದು ಮಾಲೀಕರು ಜೊತೆಗೆ ಹೋಗಿ ಹೇಳಬೇಕು. ಕೆಲಸಗಾರರ ಕೋಣೆ ಬಾಡಿಗೆಯದಾಗಿದ್ದರೆ ಕರಾರುಪತ್ರದಲ್ಲಿ ಅವರ ಹೆಸರನ್ನೂ ಸೇರಿಸಬೇಕು. ಊರೂರಿನ ಕನ್ನಡ ಸಂಘಗಳೂ ತಿಂಗಳಿಗೊಂದು ಭಾನುವಾರ ಫಾರಂ ತುಂಬಿಕೊಡಲು ಇಬ್ಬರು ಗುಮಾಸ್ತರನ್ನು ಕೂರಿಸಿದರೆ ಅದಕ್ಕೆ ಮೇಜು ಕುರ್ಚಿಗಿಂತ ಹೆಚ್ಚಿನ ಖರ್ಚಿಲ್ಲ.