ಗುರುಗಳಿಗೂ ಒಂದು ಪಾಠಶಾಲೆ



ನಿಮ್ಮಲ್ಲಿ ಕೆಲವರು ಮೆಡಿಕಲ್ ಓದುತ್ತಿದ್ದೀರಿ. ಇನ್ನು ಕೆಲವರು ಹನ್ನೆರಡನೆಯ ತರಗತಿಯಲ್ಲಿ ಅದಕ್ಕಾಗಿಯೇ ನಿದ್ದೆಗೆಡುತ್ತಿದ್ದೀರಿ. ಮಿಕ್ಕವರಿಗೆ ಎಂದಾದರೊಂದು ದಿನ ಡಾಕ್ಟರ ಮುಂದೆ ಕೂರುವುದಂತೂ ತಪ್ಪಿದ್ದಲ್ಲ. ಆದ್ದರಿಂದ ಈ ಸಲದ ಮಾತು ನಿಮ್ಮೆಲ್ಲರಿಗೂ ಸೇರಿದ್ದು.

ಕೆಲವು ವರ್ಷಗಳ ಹಿಂದೆ ನಮ್ಮ ಅತ್ತೆಯವರನ್ನು ಇಲ್ಲಿನ ಒಂದು ದೊಡ್ಡ ಆಸ್ಪತ್ರೆಗೆ ಸೇರಿಸಿದ್ದೆವು. ಬೆಳಿಗ್ಗೆ ಹಿರಿಯ ಡಾಕ್ಟರು ರೌಂಡ್ಸ್‌ಗೆ ಬಂದರು. ಬೆನ್ನ ಹಿಂದೆ ಹತ್ತು ಹನ್ನೆರಡು ವಿದ್ಯಾರ್ಥಿಗಳು. ಡಾಕ್ಟರು ಇಂಗ್ಲಿಷಿನಲ್ಲಿ ಸರಸರನೆ ಹೇಳುತ್ತ ಹೋದರು. ಮುಂದೆ ನಿಂತ ಇಬ್ಬರು ಬರೆದುಕೊಂಡರು. ಹಿಂದಿದ್ದವರಿಗೆ ರೋಗಿಯ ಮುಖವೂ ಕಾಣುತ್ತಿರಲಿಲ್ಲ. ಐದೇ ನಿಮಿಷ, ಎಲ್ಲರೂ ಮುಂದಿನ ಹಾಸಿಗೆಗೆ ಹೊರಟರು. "ನನಗೇನಾಗಿದೆಯಂತೆ?" ಎಂದು ಅತ್ತೆ ನನ್ನನ್ನು ಕೇಳಿದರು. ಇಂಗ್ಲಿಷ್ ಬಿ.ಎ. ಮಾಡಿದ ಈ ಸೊಸೆಗೂ ಏನೂ ತಿಳಿದಿರಲಿಲ್ಲ.

ಮಧ್ಯಾಹ್ನ ಆ ಗುಂಪಿನ ಹುಡುಗಿಯೊಬ್ಬಳು ತಾನಾಗಿಯೇ ತಿರುಗಿ ಬಂದಳು. ನಿಮ್ಮ ಹಾಗೆ ಮುಂಬಯಿಯಲ್ಲೇ ಹುಟ್ಟಿದ ಕನ್ನಡದ ಹುಡುಗಿ. ತಡವರಿಸುವ ಕನ್ನಡದಲ್ಲಿ ಕಾಯಿಲೆ ಏನು, ಔಷಧಿ ಯಾಕೆ, ಉಪ್ಪು ಯಾಕೆ ಬಿಡಬೇಕು ಎಂದು ಅತ್ತೆಯ ಕೈ ಹಿಡಿದು ಹೇಳಿದಳು. ಆ ಕೆಲಸವನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಅದು ಅವಳ ಒಳ್ಳೆಯತನ, ಅಷ್ಟೆ. ಮಿಕ್ಕ ಹತ್ತು ಮಂದಿಯ ಗತಿಯೇನು?

ಯೋಚಿಸಿ ನೋಡಿ. ಒಂದನೆಯ ತರಗತಿಗೆ ಅ ಆ ಇ ಈ ಹೇಳಿಕೊಡುವ ಟೀಚರಿಗೂ ತರಬೇತಿ ಬೇಕು. ಆದರೆ ಬಹಳ ಕಾಲದವರೆಗೆ ಮೆಡಿಕಲ್ ಕಾಲೇಜಿನಲ್ಲಿ ಎಂ.ಡಿ. ಮುಗಿಸಿದವರು ನೇರವಾಗಿ ಪಾಠಕ್ಕೆ ನಿಲ್ಲುತ್ತಿದ್ದರು. ವಿದ್ಯೆ ಬಂದರೆ ಕಲಿಸಲೂ ಬರುತ್ತದೆ ಎಂದು ಎಲ್ಲರೂ ನಂಬಿದ್ದರು.

ಈ ನಂಬಿಕೆಯನ್ನು ಪ್ರಶ್ನಿಸಿದವರಲ್ಲಿ ಅಮೆರಿಕದ ಡಾ. ಜಾರ್ಜ್ ಮಿಲ್ಲರ್ ಪ್ರಮುಖರು. ವೈದ್ಯಶಿಕ್ಷಣವನ್ನೇ ಅಭ್ಯಾಸ ಮಾಡಲು 1959ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಅವರ ನೇತೃತ್ವದಲ್ಲಿ ಒಂದು ವಿಭಾಗ ತೆರೆಯಿತು. ನಮ್ಮ ದೇಶದಲ್ಲಿ 1970ರ ದಶಕದಲ್ಲಿ ಪುದುಚೇರಿಯ ಜಿಪ್ಮರ್‌ನಲ್ಲಿ ವೈದ್ಯ ಶಿಕ್ಷಕರಿಗಾಗಿ ರಾಷ್ಟ್ರೀಯ ತರಬೇತಿ ಕೇಂದ್ರ ಶುರುವಾಯಿತು.

ನಮ್ಮ ಮುಂಬಯಿಯೂ ಹಿಂದೆ ಬೀಳಲಿಲ್ಲ. ಪರೇಲ್‌ನ ಕೆ.ಇ.ಎಂ. ಆಸ್ಪತ್ರೆ ನಿಮಗೆಲ್ಲ ಗೊತ್ತು. ಅದರ ಜೊತೆಗಿರುವ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜು 1926ರಲ್ಲಿ ಆರಂಭವಾದದ್ದು. ಪಾಠ ಹೇಳುವವರೆಲ್ಲ ಅರ್ಹ ಭಾರತೀಯರೇ ಆಗಿರಬೇಕು, ಸರಕಾರಿ ನೌಕರರಾಗಿರಬಾರದು ಎಂಬುದು ಅಂದು ಹಣ ಕೊಟ್ಟ ದಾನಿಗಳ ಷರತ್ತಾಗಿತ್ತು. ಅಂದರೆ ಯಾರು ಕಲಿಸಬೇಕು ಎಂಬ ಪ್ರಶ್ನೆಯಿಂದಲೇ ಹುಟ್ಟಿದ ಕಾಲೇಜು. ಹೇಗೆ ಕಲಿಸಬೇಕು ಎಂಬ ಪ್ರಶ್ನೆಯನ್ನೂ ಅದು ಕೈಗೆತ್ತಿಕೊಂಡಿತು. ಫಿಲಡೆಲ್ಫಿಯಾದ ಫೈಮರ್ ಸಂಸ್ಥೆಯ ಸಹಯೋಗದಲ್ಲಿ 2005ರಲ್ಲಿ ಅಲ್ಲಿ ವೈದ್ಯ ಶಿಕ್ಷಕರ ಪ್ರಾದೇಶಿಕ ಕೇಂದ್ರ ತೆರೆಯಿತು. ಬೇರೆ ಬೇರೆ ಕಾಲೇಜುಗಳ ಪ್ರಾಧ್ಯಾಪಕರು ಎರಡು ವರ್ಷದ ಶಿಕ್ಷಣಕ್ಕೆ ಬರುತ್ತಾರೆ. ಬರಿಯ ಭಾಷಣ ಕೇಳಿ ಹೋಗುವಂತಿಲ್ಲ. ತಮ್ಮ ಕಾಲೇಜಿನಲ್ಲಿ ಪಾಠದ ಒಂದು ಸುಧಾರಣೆಯನ್ನು ನಡೆಸಿ ತೋರಿಸಬೇಕು. ಈಗ ದೇಶದ ಪ್ರತಿಯೊಂದು ಮೆಡಿಕಲ್ ಕಾಲೇಜಿನಲ್ಲೂ ವೈದ್ಯಶಿಕ್ಷಣ ಘಟಕ ಇರಲೇಬೇಕು ಎಂಬ ನಿಯಮವಿದೆ. ನಮ್ಮ ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನಲ್ಲೂ ಶಿಕ್ಷಕರ ತರಬೇತಿ ನಡೆಯುತ್ತದೆ.

ಅಲ್ಲಿ ಏನು ಮಾಡುತ್ತಾರೆ ಎನ್ನುತ್ತೀರಾ? ತಲೆ ನರೆತ ಪ್ರಾಧ್ಯಾಪಕರು ಸಹೋದ್ಯೋಗಿಗಳ ಎದುರು ಕೆಲವೇ ನಿಮಿಷದ ಪಾಠ ಮಾಡುತ್ತಾರೆ. ಕೇಳಿದವರು ತಪ್ಪುಗಳನ್ನು ಹೇಳುತ್ತಾರೆ. ಅವರು ತಿದ್ದಿಕೊಂಡು ಮತ್ತೆ ಪಾಠ ಮಾಡುತ್ತಾರೆ. ಪ್ರಶ್ನೆಪತ್ರಿಕೆ ಬರೆಯುವುದನ್ನೂ ಪರೀಕ್ಷೆ ಮಾಡುವುದನ್ನೂ ಕಲಿಯುತ್ತಾರೆ. ಡಂಡಿಯ ಡಾ. ರೊನಾಲ್ಡ್ ಹಾರ್ಡನ್ 1975ರಲ್ಲಿ ಪ್ರಕಟಿಸಿದ ಪರೀಕ್ಷಾ ಪದ್ಧತಿಯೊಂದಿದೆ. ವಿದ್ಯಾರ್ಥಿಗಳು ಒಂದೊಂದು ಮೇಜಿಗೂ ಹೋಗಿ ಗೊತ್ತಾದ ವೇಳೆಯಲ್ಲಿ ಒಂದೊಂದು ಕೆಲಸ ಮಾಡಿ ತೋರಿಸಬೇಕು. ಒಂದು ಕಡೆ ನಾಡಿ ನೋಡುವುದು, ಇನ್ನೊಂದು ಕಡೆ ರೋಗಿಗೆ ವಿವರಿಸಿ ಹೇಳುವುದು. ಎಲ್ಲರಿಗೂ ಒಂದೇ ಅಳತೆಗೋಲು. ಯಾವ ರೋಗಿ ಸಿಕ್ಕರು, ಯಾವ ಪರೀಕ್ಷಕರು ಸಿಕ್ಕರು ಎಂಬ ಅದೃಷ್ಟದ ಆಟ ಇದರಿಂದ ಕಡಿಮೆಯಾಗುತ್ತದೆ. 2019ರಲ್ಲಿ ಬಂದ ಹೊಸ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ರೋಗಿಯೊಡನೆ ಮಾತನಾಡುವುದೂ ಪಾಠವೇ, ಸ್ಥಳೀಯ ಭಾಷೆಯೂ ಪಾಠವೇ. ನಮ್ಮ ಅತ್ತೆಗೆ ಅದೃಷ್ಟದಿಂದ ಸಿಕ್ಕಿದ್ದು ಇನ್ನು ಎಲ್ಲ ಅತ್ತೆಯಂದಿರಿಗೂ ಸಿಗಬೇಕು ಎಂಬುದು ಇದರ ಆಶಯ.

ಬಾಗಿಲಿಗೆ ಬೋರ್ಡು ಹಾಕಿದ ಮಾತ್ರಕ್ಕೆ ಘಟಕವಾಗುವುದಿಲ್ಲ, ನಿಜ. "ನನಗೆ ಕಲಿಸಲು ಇನ್ನೂ ಚೆನ್ನಾಗಿ ಬರಬೇಕು" ಎಂದು ಹಿರಿಯರು ಒಪ್ಪಿಕೊಳ್ಳಬೇಕು. ಅದು ಸುಲಭವಲ್ಲ. ನನ್ನ ಅನುಭವವನ್ನೇ ಹೇಳುತ್ತೇನೆ. ನನಗೆ ಕನ್ನಡ ಚೆನ್ನಾಗಿ ಬರುತ್ತಿತ್ತು, ಮಕ್ಕಳಿಗೂ ತಾನಾಗಿ ಬರುತ್ತದೆ ಎಂದುಕೊಂಡೆ. ಮಗ "ಅಮ್ಮ ಬಂದ" ಎಂದಾಗ ಮನೆಯವರೆಲ್ಲ ಸೇರಿ ನಕ್ಕೆವು. ನಾಲ್ಕು ಸಲ ನಕ್ಕ ಮೇಲೆ ಅವನು ಹಿಂದಿಗೆ ತಿರುಗಿದ. "ಈಗಿನ ಮಕ್ಕಳಿಗೆ ಭಾಷಾಭಿಮಾನವಿಲ್ಲ" ಎಂದು ವರ್ಷಗಟ್ಟಲೆ ದೂರಿದೆ. ತಪ್ಪು ಅವನದಲ್ಲ, ನಾನು ಕಲಿಸಿದ ರೀತಿಯದು. ಈ ಮಾತನ್ನು ಅವನಿಗೆ ಹೇಳಲು ನನಗೆ ಇಪ್ಪತ್ತು ವರ್ಷ ಬೇಕಾಯಿತು.

ಆದ್ದರಿಂದ ಮಕ್ಕಳೇ, ಪಾಠ ತಲೆಗೆ ಹತ್ತದಿದ್ದರೆ ಕೂಡಲೇ ನಿಮ್ಮನ್ನು ನೀವು ದಡ್ಡರೆಂದು ಕರೆದುಕೊಳ್ಳಬೇಡಿ. ಪಾಠದ ಬಗ್ಗೆ ಅಭಿಪ್ರಾಯ ಕೇಳಿ ಫಾರಂ ಕೊಟ್ಟರೆ ಮರ್ಯಾದೆಯಿಂದ, ಆದರೆ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ನಾಳೆ ನೀವೇ ಪ್ರಾಧ್ಯಾಪಕರಾದರೆ ಆ ಘಟಕದ ಬಾಗಿಲನ್ನು ನಾಚಿಕೆಯಿಲ್ಲದೆ ತಟ್ಟಿ. ವಾರ್ಡಿನಲ್ಲಿ ಕಲಬುರಗಿಯ ಕಡೆಯ ಅಜ್ಜಿಯೊಬ್ಬರು ಕಂಡರೆ ಹರಕುಮುರುಕು ಕನ್ನಡದಲ್ಲೇ ಮಾತನಾಡಿಸಿ. ನಗುವವರು ನಗಲಿ, ಅಜ್ಜಿ ನಗುವುದಿಲ್ಲ.

ಏನಂತೀರಿ? ಮುಂದಿನ ಸಂಚಿಕೆಯಲ್ಲಿ ಮತ್ತೆ ಕೂಡೋಣ.