ಕಂಪೈಲರಿನ ಮೌನ

ಲೋಲಕದ ಆವರ್ತಕಾಲವನ್ನು ಕೊಡುವ ಸೂತ್ರವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಲೋಲಕವು ಸ್ವಲ್ಪವೇ ಓಲಾಡುವುದೆಂಬ ಷರತ್ತಿನ ಮೇಲೆ ಆ ಸೂತ್ರ ನಿಂತಿದೆ. ಷರತ್ತನ್ನು ಮರೆತು ಲೋಲಕವನ್ನು 90 ಡಿಗ್ರಿಗಳವರೆಗೆ ಎಳೆದು ಬಿಟ್ಟರೂ ಸೂತ್ರವು ಎಂದಿನಂತೆಯೇ ಒಂದು ಉತ್ತರವನ್ನು ಕೊಡುವುದು. ಆದರೆ ನಿಜವಾದ ಆವರ್ತಕಾಲವು ಅದಕ್ಕಿಂತ ನೂರಕ್ಕೆ ಸುಮಾರು 18ರಷ್ಟು ಹೆಚ್ಚಾಗಿರುವುದು. ಸೂತ್ರಕ್ಕೆ ಬಾಯಿಲ್ಲ, ಅದನ್ನು ದೂರುವಂತಿಲ್ಲ. ಬಾಯಿಯುಳ್ಳ ಸಾಧನವೊಂದು ಇಂಥ ಸಂದರ್ಭದಲ್ಲಿ ಸುಮ್ಮನಿದ್ದುಬಿಟ್ಟರೆ ಅದನ್ನು ದೂರಬಹುದೇ ಎಂಬುದು ಈ ಲೇಖನದ ಪ್ರಶ್ನೆ. ಆ ಸಾಧನವೇ ಸಿ ಭಾಷೆಯ ಕಂಪೈಲರು.

ಮನುಷ್ಯನು ಬರೆದ ಪ್ರೋಗ್ರಾಮನ್ನು ಗಣಕಯಂತ್ರದ ಭಾಷೆಗೆ ತರ್ಜುಮೆ ಮಾಡುವ ಕೆಲಸ ಕಂಪೈಲರಿನದು. ಸಿ ಭಾಷೆಯನ್ನು 1970ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚ್ಚಿ ಎಂಬವರು ರೂಪಿಸಿದರು. ಇದರ ಬಲವೂ ಅಪಾಯವೂ ಒಂದೇ ಕಡೆ ಅಡಗಿವೆ; ಪಾಯಿಂಟರ್ ಎಂಬುದರಲ್ಲಿ. ಗಣಕದ ಸ್ಮೃತಿಯನ್ನು ಒಂದು ಉದ್ದನೆಯ ಬೀದಿಯೆಂದು ಭಾವಿಸಿಕೊಳ್ಳಿ. ಪ್ರತಿಯೊಂದು ಮನೆಗೂ ಒಂದು ಬಾಗಿಲ ಸಂಖ್ಯೆ. ಪಾಯಿಂಟರ್ ಎಂದರೆ ಆ ಸಂಖ್ಯೆಯನ್ನು ಬರೆದಿಟ್ಟುಕೊಂಡ ಚೀಟಿ. ಚೀಟಿಯಿದ್ದರೆ ನೇರವಾಗಿ ಆ ಮನೆಗೇ ಹೋಗಿ ಒಳಗಿರುವುದನ್ನು ಓದಬಹುದು, ಬದಲಾಯಿಸಲೂಬಹುದು. ಆದರೆ ಚೀಟಿಯಲ್ಲಿ ಬರೆದ ಮನೆ ಕೆಡವಿಹೋಗಿದ್ದರೆ? ಅಲ್ಲಿ ಬೇರೊಂದು ಸಂಸಾರ ಬಂದು ನೆಲೆಸಿದ್ದರೆ? ಚೀಟಿಯಲ್ಲಿ ಶೂನ್ಯವೆಂದು ಮಾತ್ರ ಬರೆದಿದ್ದರೆ?

ಇಂಥ ಸಂದರ್ಭಗಳಲ್ಲಿ ಏನಾಗಬೇಕೆಂಬುದನ್ನು ಸಿ ಭಾಷೆಯ ಮಾನಕ ಗ್ರಂಥವು ಹೇಳುವುದೇ ಇಲ್ಲ. 1989ರಲ್ಲಿ ಮೊದಲು ಅಂಗೀಕೃತವಾದ ಆ ಮಾನಕವು ಇವುಗಳನ್ನು ವ್ಯಾಖ್ಯೆಯಿಲ್ಲದ ವರ್ತನೆ ಎಂದು ಕರೆದು, ಕಂಪೈಲರಿನ ಮೇಲೆ ಯಾವ ಕರ್ತವ್ಯವನ್ನೂ ಹೊರಿಸದೆ ಕೈ ತೊಳೆದುಕೊಂಡಿದೆ. ಉತ್ತರ ತಪ್ಪಾಗಬಹುದು, ಪ್ರೋಗ್ರಾಮು ನಿಂತುಹೋಗಬಹುದು, ಅಥವಾ ದುರದೃಷ್ಟವಶಾತ್ ಸರಿಯಾದ ಉತ್ತರವೇ ಬರಬಹುದು. ಮೂಗಿನಿಂದ ಭೂತಗಳು ಹಾರಿ ಬಂದರೂ ಮಾನಕಕ್ಕೆ ಭಂಗವಿಲ್ಲವೆಂಬ ಹಾಸ್ಯವೊಂದು ಗಣಕ ಬಲ್ಲವರಲ್ಲಿ ಬಹುಕಾಲದಿಂದ ನಡೆದುಬಂದಿದೆ. ಸರಿಯಾದ ಉತ್ತರ ಬರುವುದನ್ನು ನಾನು ದುರದೃಷ್ಟವೆಂದು ಏಕೆ ಕರೆದೆನೆಂಬುದು ಮುಂದೆ ತಿಳಿಯುವುದು.

ಇಷ್ಟೇ ಆಗಿದ್ದರೆ ತಪ್ಪು ಬರೆದವನ ಮೇಲೆ ದೋಷ ಹೊರಿಸಿ ಸುಮ್ಮನಾಗಬಹುದಾಗಿತ್ತು. ಆದರೆ ಈಗಿನ ಕಂಪೈಲರುಗಳು ಕೇವಲ ತರ್ಜುಮೆಗಾರರಲ್ಲ, ತರ್ಕಶಾಸ್ತ್ರಿಗಳು. ಪ್ರೋಗ್ರಾಮು ವೇಗವಾಗಿ ಓಡಬೇಕೆಂದು ಅನಾವಶ್ಯಕವಾದ ಸಾಲುಗಳನ್ನು ಅವು ಕಿತ್ತುಹಾಕುವುವು. ಯಾವುದು ಅನಾವಶ್ಯಕವೆಂದು ನಿರ್ಧರಿಸುವಾಗ, ಬರೆದವನು ವ್ಯಾಖ್ಯೆಯಿಲ್ಲದ ಕೆಲಸವನ್ನು ಎಂದೂ ಮಾಡಲಾರನೆಂದು ನಂಬಿ ಮುಂದುವರಿಯುವುವು. ಈ ನಂಬಿಕೆಯಿಂದ ಹುಟ್ಟುವ ತರ್ಕ ಎಲ್ಲಿಗೆ ಮುಟ್ಟುವುದೆಂಬುದಕ್ಕೆ ಎರಡು ನಿಜವಾದ ಪ್ರಸಂಗಗಳನ್ನು ನೋಡೋಣ.

ಸ್ಮೃತಿಯ ಒಂದು ಭಾಗ ‘ಪ’ ಎಂಬ ವಿಳಾಸದಿಂದ ಆರಂಭವಾಗುವುದೆನ್ನಿ. ಹೊರಗಿನಿಂದ ಬಂದ ಮಾಹಿತಿಯ ಉದ್ದ ‘ಉ’. ಉದ್ದವು ವಿಪರೀತ ದೊಡ್ಡದಾದರೆ ಪ + ಉ ಎಂಬ ಮೊತ್ತವು ಯಂತ್ರದ ಅತ್ಯಂತ ದೊಡ್ಡ ಸಂಖ್ಯೆಯನ್ನು ದಾಟಿ, ಗಡಿಯಾರದ ಮುಳ್ಳು ಹನ್ನೆರಡನ್ನು ದಾಟಿ ಒಂದಕ್ಕೆ ಬರುವಂತೆ, ಪುನಃ ಚಿಕ್ಕದಾಗಿಬಿಡುವುದು. ಆದುದರಿಂದ ಜಾಗರೂಕರಾದ ಅನೇಕರು ‘ಪ + ಉ ಎಂಬುದು ಪ ಗಿಂತ ಚಿಕ್ಕದಾಗಿದ್ದರೆ ತಿರಸ್ಕರಿಸು’ ಎಂದು ಒಂದು ಪರೀಕ್ಷೆಯನ್ನು ಬರೆಯುತ್ತಿದ್ದರು. ಪಾಯಿಂಟರಿನ ಮೊತ್ತ ಹೀಗೆ ಮಿತಿ ಮೀರುವುದಕ್ಕೆ ಮಾನಕದಲ್ಲಿ ವ್ಯಾಖ್ಯೆಯಿಲ್ಲ. ಕಂಪೈಲರು ವಾದಿಸಿತು: ಮೀರುವುದೆಂಬುದೇ ಇಲ್ಲ, ಆದುದರಿಂದ ಪ + ಉ ಎಂದಿಗೂ ಪ ಗಿಂತ ಚಿಕ್ಕದಾಗಲಾರದು, ಆದುದರಿಂದ ಈ ಪರೀಕ್ಷೆ ವ್ಯರ್ಥ. ಪರೀಕ್ಷೆ ಮಾಯವಾಯಿತು. 2008ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಸರ್ಟ್ ಕೇಂದ್ರವು ಜಿಸಿಸಿ ಎಂಬ ಪ್ರಸಿದ್ಧ ಕಂಪೈಲರಿನ ಈ ವರ್ತನೆಯ ವಿಷಯದಲ್ಲಿ ಬಹಿರಂಗ ಎಚ್ಚರಿಕೆಯನ್ನು ಹೊರಡಿಸಿತು. ಇತರ ಕಂಪೈಲರುಗಳೂ ಇದನ್ನೇ ಮಾಡುತ್ತಿವೆಯೆಂದು ಆಮೇಲೆ ಗೊತ್ತಾಗಿ ಆ ಪ್ರಕಟಣೆಯನ್ನು ತಿದ್ದಬೇಕಾಯಿತು.

ಮರುವರ್ಷ, 2009ರಲ್ಲಿ, ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ಮಧ್ಯಭಾಗದಲ್ಲಿಯೇ ಇಂಥದೊಂದು ನಡೆಯಿತು. ಟನ್ ಎಂಬ ಜಾಲ ಸಾಧನಕ್ಕೆ ಸಂಬಂಧಿಸಿದ ಪ್ರೋಗ್ರಾಮಿನಲ್ಲಿ ಬರೆದವರು ಮೊದಲ ಸಾಲಿನಲ್ಲಿ ಪಾಯಿಂಟರಿನ ಮೂಲಕ ಒಂದು ಅಂಶವನ್ನು ಓದಿ, ಅನಂತರದ ಸಾಲಿನಲ್ಲಿ ಆ ಪಾಯಿಂಟರು ಶೂನ್ಯವೇ ಎಂದು ಪರೀಕ್ಷಿಸಿದ್ದರು. ಇದು ಊಟ ಮಾಡಿದ ಮೇಲೆ ಅನ್ನ ಹಳಸಿದೆಯೇ ಎಂದು ಮೂಸಿ ನೋಡಿದಂತೆ; ತಪ್ಪು ಬರೆದವರದೇ, ಸಂದೇಹವಿಲ್ಲ. ಕಂಪೈಲರಿನ ತರ್ಕ ಹೀಗೆ ನಡೆಯಿತು: ಈಗಾಗಲೇ ಓದಿಯಾಗಿದೆ, ಶೂನ್ಯ ವಿಳಾಸದಿಂದ ಓದುವುದಕ್ಕೆ ವ್ಯಾಖ್ಯೆಯಿಲ್ಲ, ಆದುದರಿಂದ ಇದು ಶೂನ್ಯವಲ್ಲ, ಪರೀಕ್ಷೆ ಬೇಡ. ಸಾಮಾನ್ಯವಾಗಿ ಶೂನ್ಯ ವಿಳಾಸವನ್ನು ಮುಟ್ಟಿದೊಡನೆ ಯಂತ್ರವೇ ತಡೆಯುವುದು. ಆದರೆ ಆ ವಿಳಾಸದಲ್ಲಿಯೇ ತನ್ನ ಮಾಹಿತಿಯನ್ನು ಮೊದಲೇ ಇಟ್ಟುಕೊಂಡ ಕುಟಿಲನು ಈ ದಾರಿಯಿಂದ ಒಳಹೊಕ್ಕು ಇಡೀ ಯಂತ್ರದ ಯಜಮಾನನಾಗಬಹುದೆಂಬುದು ಮಾಡಿ ತೋರಿಸಲ್ಪಟ್ಟಿತು. ಆ ಬಳಿಕ ಲಿನಕ್ಸಿನವರು ಶೂನ್ಯ ಪರೀಕ್ಷೆಗಳನ್ನು ಅಳಿಸಕೂಡದೆಂಬ ಆಜ್ಞೆಯನ್ನು ಕಂಪೈಲರಿಗೆ ಕೊಡಲಾರಂಭಿಸಿದರು.

ಬೇಲಿಯೇ ಎದ್ದು ಹೊಲ ಮೇಯ್ದಿತು ಎನ್ನಬೇಕೆನಿಸುವುದು. ಆದರೆ ಕಂಪೈಲರು ರಚಿಸುವವರ ವಾದವನ್ನೂ ಕೇಳಬೇಕು. ಅದು ಹುರುಳಿಲ್ಲದ ವಾದವಲ್ಲ. ದೊಡ್ಡ ಪ್ರೋಗ್ರಾಮುಗಳಲ್ಲಿ ಸಣ್ಣ ಸಣ್ಣ ಭಾಗಗಳು ಸಾವಿರಾರು ಕಡೆ ಬಿಚ್ಚಿಕೊಂಡು ಬಂದು ಸೇರುವುವು. ಪ್ರತಿಯೊಂದೂ ತನ್ನೊಂದಿಗೆ ಒಂದು ಶೂನ್ಯ ಪರೀಕ್ಷೆಯನ್ನು ತರುವುದು. ಇವುಗಳಲ್ಲಿ ಬಹುಪಾಲು ನಿಜವಾಗಿಯೂ ಅನಾವಶ್ಯಕ. ಅಳಿಸಿದ ಪ್ರತಿಯೊಂದಕ್ಕೂ ಎಚ್ಚರಿಕೆಯನ್ನು ಕೊಟ್ಟರೆ ಹುಲ್ಲಿನ ಬಣವೆಯಲ್ಲಿ ಸೂಜಿ ಕಳೆದುಹೋದಂತೆ ನಿಜವಾದ ಎಚ್ಚರಿಕೆ ಕಾಣದಾಗುವುದು. ಆದುದರಿಂದ ಸುಮ್ಮನಿರುವುದೇ ಲೇಸು ಎಂಬುದು ಅವರ ಅಭಿಪ್ರಾಯ.

ನಾನು ಇದನ್ನು ಅರ್ಧ ಮಾತ್ರ ಒಪ್ಪುವೆನು. ತಾನಾಗಿ ಬಿಚ್ಚಿಕೊಂಡು ಬಂದ ಪರೀಕ್ಷೆ ಬೇರೆ. ಮನುಷ್ಯನು ಆ ಸ್ಥಳದಲ್ಲಿಯೇ ಭಯಪಟ್ಟು ಕೈಯಾರೆ ಬರೆದ ಪರೀಕ್ಷೆ ಬೇರೆ. ಎರಡನೆಯದನ್ನು ಅಳಿಸುವಾಗ ಹೇಳಿ ಅಳಿಸಬೇಕು. ಇದು ಆಗದ ಕೆಲಸವಲ್ಲ. ಎಂಐಟಿಯ ಸಂಶೋಧಕರು 2013ರಲ್ಲಿ ಸ್ಟ್ಯಾಕ್ ಎಂಬ ಹೆಸರಿನ ಸಾಧನವೊಂದನ್ನು ರಚಿಸಿ, ವ್ಯಾಖ್ಯೆಯಿಲ್ಲದ ವರ್ತನೆಯ ನೆಪದಿಂದ ಅಳಿಸಿಹೋಗಬಹುದಾದ ಸಾಲುಗಳನ್ನೇ ಹುಡುಕಿದರು. ಬಿಚ್ಚಿಕೊಂಡು ಬಂದ ಸಾಲುಗಳನ್ನು ಬೇರ್ಪಡಿಸಿ ಕೈಬಿಟ್ಟರು. ಬಳಕೆಯಲ್ಲಿದ್ದ ಪ್ರೋಗ್ರಾಮುಗಳಲ್ಲಿ 160 ಹೊಸ ದೋಷಗಳು ಸಿಕ್ಕಿ, ಅವುಗಳನ್ನು ರಚಿಸಿದವರೇ ಒಪ್ಪಿ ತಿದ್ದಿದರು. ಹತ್ತಾರು ವರ್ಷಗಳ ಹಿಂದೆಯೇ ಸಾಧ್ಯವಾದದ್ದು ಸಾಮಾನ್ಯ ಕಂಪೈಲರಿನಲ್ಲಿ ದಿನಬಳಕೆಗೆ ಬಾರದಿರುವುದಕ್ಕೆ ಕಾರಣ ತಂತ್ರದ ಕೊರತೆಗಿಂತ ಹೆಚ್ಚಾಗಿ ಮನಸ್ಸಿನ ಕೊರತೆಯೆಂದೇ ನನಗೆ ತೋರುವುದು.

ಹಾಗೆಂದು ಕಂಪೈಲರುಗಳು ಏನನ್ನೂ ಹೇಳುವುದಿಲ್ಲವೆಂದಲ್ಲ. ‘ಡಬ್ಲ್ಯೂ-ಆಲ್’ ಎಂಬ ಸೂಚನೆಯನ್ನು ಕೊಟ್ಟರೆ ಜಿಸಿಸಿ ಬಹಳ ವಿಷಯಗಳನ್ನು ಹೇಳುವುದು. ಹೆಸರು ‘ಎಲ್ಲ’ ಎಂದಿದ್ದರೂ ಎಲ್ಲವನ್ನೂ ಹೇಳುವುದಿಲ್ಲವೆಂಬುದು ಬೇರೆ ಮಾತು. 2022ರಲ್ಲಿ ಹೊರಬಂದ ಅದರ ಹನ್ನೆರಡನೆಯ ಆವೃತ್ತಿಯು ಕೆಡವಿದ ಮನೆಯ ಚೀಟಿಯನ್ನು ಬಳಸುವವರನ್ನು ಗುರುತಿಸಿ ಎಚ್ಚರಿಸಲು ಕಲಿತಿದೆ. ಪ್ರೋಗ್ರಾಮು ಓಡುತ್ತಿರುವಾಗಲೇ ಪ್ರತಿಯೊಂದು ವಿಳಾಸವನ್ನೂ ಕಾವಲು ಕಾಯುವ ಸ್ಯಾನಿಟೈಸರ್ ಎಂಬ ಸೌಕರ್ಯವೂ ಉಂಟು. ಓಟದ ಕಾಲ ಸುಮಾರು ಇಮ್ಮಡಿಯಾಗುವುದು, ಅಷ್ಟೆ. ರಸ್ಟ್ ಎಂಬ ಹೊಸ ಭಾಷೆಯಂತೂ, 2015ರಲ್ಲಿ ಅದರ ಮೊದಲ ಆವೃತ್ತಿ ಬಂದಂದಿನಿಂದ, ಇಂಥ ಚೀಟಿಗಳಲ್ಲಿ ಬಹುಪಾಲನ್ನು ತರ್ಜುಮೆ ಮಾಡಲಿಕ್ಕೇ ನಿರಾಕರಿಸುವುದು. ಸಿ ಭಾಷೆಯನ್ನೇ ಬಿಟ್ಟುಬಿಡಿರೆಂದು ಹೇಳುವವರಿದ್ದಾರೆ. ಆದರೆ ಪೈಥಾನ್ ಭಾಷೆಯಲ್ಲಿ ಬರೆಯುವ ವಿದ್ಯಾರ್ಥಿಯೂ ಕೂಡ ಸಿ ಭಾಷೆಯಲ್ಲಿ ಕಟ್ಟಿದ ನೆಲದ ಮೇಲೆಯೇ ನಿಂತಿರುವನು.

ಇನ್ನು ನಮ್ಮ ಕಾಲೇಜುಗಳ ಮಾತು. ಭಾರತದ ಅನೇಕ ಕಾಲೇಜುಗಳಲ್ಲಿ ಬಹುಕಾಲ ಟರ್ಬೊ ಸಿ ಎಂಬ, 1987ರಲ್ಲಿ ಹುಟ್ಟಿದ ಕಂಪೈಲರಿನಲ್ಲಿಯೇ ಪಾಠ ನಡೆಯಿತು. ಅದರಲ್ಲಿ ಶೂನ್ಯ ವಿಳಾಸದಲ್ಲಿ ಏನನ್ನಾದರೂ ಬರೆದರೆ ತಡೆಯುವವರಿಲ್ಲ. ಪ್ರೋಗ್ರಾಮೆಲ್ಲ ಓಡಿ ಮುಗಿದ ಮೇಲೆ, ಸ್ಮೃತಿಯ ಆರಂಭದಲ್ಲಿದ್ದ ಕೆಲವು ಅಕ್ಷರಗಳು ಕೆಟ್ಟಿವೆಯೆಂದು ಕಂಡುಹಿಡಿದು, ‘ಶೂನ್ಯ ಪಾಯಿಂಟರಿಗೆ ಬರೆಯಲಾಗಿದೆ’ ಎಂಬರ್ಥದ ಒಂದು ಸಾಲನ್ನು ಅದು ಮುದ್ರಿಸುತ್ತಿತ್ತು. ಕೋಟೆ ಕೊಳ್ಳೆ ಹೋದ ಮೇಲೆ ಊರ ಬಾಗಿಲು ಹಾಕಿದರು! ಆ ಸಾಲನ್ನು ನಾವು ವಿದ್ಯಾರ್ಥಿಗಳು ಯಂತ್ರದ ಸೀನೆಂದೇ ಎಣಿಸಿದ್ದೆವು. ಉತ್ತರ ಬಂದಿತೆ, ಅಂಕ ಬಂದಿತೆ, ಮುಗಿಯಿತು. ಈಗ ಕಂಪೈಲರು ಹೊಸದಾಗಿರಬಹುದು, ಅಭ್ಯಾಸ ಹೊಸದಾಗಿಲ್ಲ. ಭೌತವಿಜ್ಞಾನದ ಪ್ರಯೋಗದಲ್ಲಿ ಮಾನ ಬರೆಯದೆ ಬರಿಯ ಸಂಖ್ಯೆ ಬರೆದವನಿಗೆ ನಾವು ಅಂಕ ಕಳೆಯುವೆವು. ಎಚ್ಚರಿಕೆಗಳನ್ನು ಹಾಗೆಯೇ ಬಿಟ್ಟು ಉತ್ತರ ತಂದ ಪ್ರೋಗ್ರಾಮಿಗೂ ಅಂಕ ಕಳೆಯಬೇಕೆಂಬುದು ನನ್ನ ಸಲಹೆ.

ಈ ಸಲಹೆಯನ್ನು ಕೊಡುವವನು ಸ್ವತಃ ಅಪರಾಧಿ. ಎಂ.ಎಸ್ಸಿ. ಪ್ರಬಂಧಕ್ಕಾಗಿ ನಾನು ಕಾಂತೀಯತೆಯ ಐಸಿಂಗ್ ಮಾದರಿಯ ಬಗ್ಗೆ ಒಂದು ಸಿ ಪ್ರೋಗ್ರಾಮನ್ನು ಬರೆದಿದ್ದೆ. ಚೌಕಜಾಲದ ಒಂದು ಬಿಂದುವಿನ ನಾಲ್ಕು ನೆರೆಯವರನ್ನು ಪಟ್ಟಿ ಮಾಡಿ, ಆ ಪಟ್ಟಿಯ ವಿಳಾಸವನ್ನು ಹಿಂದಿರುಗಿಸುವ ಒಂದು ಭಾಗ ಅದರಲ್ಲಿದ್ದಿತು. ಆ ಭಾಗ ಮುಗಿದೊಡನೆ ಪಟ್ಟಿಯೂ ಅಳಿಯತಕ್ಕದ್ದು. ಅಂದರೆ ನಾನು ಕೊಟ್ಟದ್ದು ಕೆಡವಿದ ಮನೆಯ ಚೀಟಿ. ಕಂಪೈಲರು ಈ ಬಾರಿ ಮೌನವಾಗಿರಲಿಲ್ಲ. ಪ್ರತಿದಿನವೂ ಒಂದು ಸಾಲಿನಲ್ಲಿ ಎಚ್ಚರಿಸುತ್ತಿತ್ತು. ಉತ್ತರ ಬರುತ್ತಿದ್ದುದರಿಂದ ನಾನು ಆ ಸಾಲನ್ನು ಓದುವುದನ್ನೇ ಬಿಟ್ಟೆ. ಈ ಮಾದರಿಯ ಸಂಧಿತಾಪ ಸುಮಾರು 2.269 ಎಂದು ಆನ್ಸಾಗರ್ ಎಂಬ ವಿಜ್ಞಾನಿ 1944ರಲ್ಲಿಯೇ ಗಣಿತದಿಂದ ಸಾಧಿಸಿದ್ದರು. ನನ್ನ ನಕ್ಷೆ 2.4ರ ಸಮೀಪ ತೋರಿಸಿತು. ಜಾಲವು ಚಿಕ್ಕದಾದುದರಿಂದ ಈ ವ್ಯತ್ಯಾಸವೆಂದು ಒಂದು ಪುಟದ ವಿವರಣೆ ಬರೆದೆ, ಪರೀಕ್ಷಕರು ಮೆಚ್ಚಿದರು.

ಕಳೆದ ವರ್ಷ ವಿದ್ಯಾರ್ಥಿನಿಯೊಬ್ಬಳು ಆ ಪ್ರೋಗ್ರಾಮನ್ನು ಕೇಳಿದಳು, ಕೊಟ್ಟೆ. ಈಗಿನ ಜಿಸಿಸಿ ಇಂಥ ಕಡೆ ವಿಳಾಸಕ್ಕೆ ಬದಲಾಗಿ ಶೂನ್ಯವನ್ನೇ ಇಟ್ಟುಬಿಡುವುದರಿಂದ ಪ್ರೋಗ್ರಾಮು ಮೊದಲ ಹೆಜ್ಜೆಯಲ್ಲಿಯೇ ಮುಗ್ಗರಿಸಿತು. ‘ಸರ್, ಇದು ನಿಮ್ಮ ಕಾಲದಲ್ಲಿ ಹೇಗೆ ಓಡಿತು?’ ಎಂದು ಕೇಳಿದಳು. ಇಬ್ಬರೂ ಕುಳಿತು ಆ ಭಾಗವನ್ನು ತಿದ್ದಿ, ಅಷ್ಟೇ ಚಿಕ್ಕ ಜಾಲದ ಮೇಲೆ ಪುನಃ ಓಡಿಸಿದೆವು. ಶಿಖರವು 2.3ರ ಸಮೀಪಕ್ಕೆ ಸರಿದು ನಿಂತಿತು. ನನ್ನ ವಿವರಣೆಯ ಪುಟವು ಅಷ್ಟರಮಟ್ಟಿಗೆ ಕಟ್ಟುಕಥೆಯಾಗಿದ್ದಿತು. ಪ್ರಬಂಧದ ಪ್ರತಿ ಇನ್ನೂ ಗ್ರಂಥಾಲಯದಲ್ಲಿದೆ. ಒಳಗೆ ಒಂದು ತಿದ್ದುಪಡಿಯ ಹಾಳೆಯನ್ನು ಅಂಟಿಸಲು ಅನುಮತಿ ಕೇಳಿ ಪತ್ರ ಬರೆದಿರುವೆನು.