ಮದ್ದಿಲ್ಲದ ಕಾಯಿಲೆಗೆ ಆರೈಕೆಯ ಲೆಕ್ಕ

ವಾಸಿಯಾಗದ ಕಾಯಿಲೆಯ ಮಗುವಿಗೆ ಸಮಾಜ ಏನು ಮಾಡಬೇಕು? ಮೈಟೊಕಾಂಡ್ರಿಯದ ರೋಗಗಳು ಈ ಪ್ರಶ್ನೆಯಿಂದ ನುಣುಚಿಕೊಳ್ಳಲು ಬಿಡುವುದಿಲ್ಲ. ಉಂಡ ಅನ್ನವನ್ನು ಶಕ್ತಿಯಾಗಿ ಮಾರ್ಪಡಿಸುವ ಈ ಕಣಗಳು ಜೀವಕೋಶದೊಳಗೇ ಸೋತರೆ ಮಿದುಳು, ಹೃದಯ, ಸ್ನಾಯು, ಕಣ್ಣು ಮೊದಲು ಸೊರಗುತ್ತವೆ. ಸುಮಾರು 5,000 ಮಂದಿಗೆ ಒಬ್ಬರಲ್ಲಿ ಇದಿದೆಯೆಂಬುದು ಅಂದಾಜು. ಬಹುಪಾಲು ಬಗೆಗಳಿಗೆ ಗುಣಪಡಿಸುವ ಮದ್ದಿಲ್ಲ. 2021ರ ರಾಷ್ಟ್ರೀಯ ವಿರಳ ರೋಗ ನೀತಿ ಹೆಸರಿಸಿದ ಎಂಟು ಕೇಂದ್ರಗಳಲ್ಲಿ ಪೂರ್ವ ಭಾರತಕ್ಕೆ ಸಿಕ್ಕಿದ್ದು ಕೋಲ್ಕತ್ತದ ಎಸ್‌ಎಸ್‌ಕೆಎಂ ಆಸ್ಪತ್ರೆಯೊಂದೇ. ನೀತಿ ರೋಗಗಳನ್ನು ಮೂರು ಗುಂಪು ಮಾಡುತ್ತದೆ: ಒಮ್ಮೆ ಚಿಕಿತ್ಸೆ ಮಾಡಿದರೆ ಮುಗಿಯುವಂಥವು, ಕಡಿಮೆ ಖರ್ಚಿನ ಚಿಕಿತ್ಸೆ ಬಹುಕಾಲ ಬೇಕಾದವು, ಚಿಕಿತ್ಸೆಯಿದ್ದರೂ ಅದು ಕೈಗೆಟುಕದವು. 2022ರಲ್ಲಿ ಒಬ್ಬ ರೋಗಿಗೆ ಸಿಗುವ ನೆರವಿನ ಮಿತಿ 50 ಲಕ್ಷ ರೂಪಾಯಿಗೆ ಏರಿದ್ದು ಒಳ್ಳೆಯದೇ. ಆದರೆ ಮೂರೂ ಗುಂಪುಗಳ ಅಳತೆಗೋಲು ಚಿಕಿತ್ಸೆ. ಚಿಕಿತ್ಸೆಯೇ ಇಲ್ಲದವರ ಆರೈಕೆಗೆ ಅಲ್ಲಿ ಗಟ್ಟಿ ನೆಲೆಯಿಲ್ಲ. ನನ್ನ ವಾದ ಇಷ್ಟೇ: ಈ ಮಕ್ಕಳ ಪಾಲಿಗೆ ದಿನನಿತ್ಯದ ಆರೈಕೆಯೇ ಚಿಕಿತ್ಸೆ, ಅದರ ಖರ್ಚನ್ನೂ ಹೊಣೆಯನ್ನೂ ಹಾಗೆಯೇ ಲೆಕ್ಕ ಹಾಕಬೇಕು.

ಆ ಆರೈಕೆ ಎಂಥದು ಎಂದು ನೋಡಿದರೆ ವಾದಕ್ಕೆ ಬೇರೆ ಆಧಾರ ಬೇಕಿಲ್ಲ. ಮನೆಯ ಉಳಿದ ಮಕ್ಕಳಿಗೆ ಎರಡು ದಿನದ ಜ್ವರವಾದದ್ದು ಈ ಮಗುವಿನ ನಡಿಗೆಯನ್ನೋ ಮಾತನ್ನೋ ಕಸಿಯಬಹುದು. ಹಸಿವೂ ಹಾಗೆಯೇ ಅಪಾಯ, ಆದ್ದರಿಂದ ಮಗುವನ್ನು ಬಹಳ ಹೊತ್ತು ಖಾಲಿ ಹೊಟ್ಟೆಯಲ್ಲಿ ಇರಿಸಬಾರದು. ವಾಂತಿಯಾಗಿ ಊಟ ನಿಂತರೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಪಿಒಎಲ್‌ಜಿ ಎಂಬ ಜೀನಿನ ದೋಷವಿರುವ ಮಗುವಿಗೆ ಮೂರ್ಛೆ ರೋಗದ ಸಾಮಾನ್ಯ ಮಾತ್ರೆ ವ್ಯಾಲ್‌ಪ್ರೊಯೇಟ್ ಕೊಟ್ಟರೆ ಯಕೃತ್ತು ಕೆಟ್ಟು ಜೀವಕ್ಕೇ ಕುತ್ತು. ಇನ್ನು ಅಂಗವೈಕಲ್ಯ ಪ್ರಮಾಣಪತ್ರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಮುಖ್ಯ ಸವಲತ್ತುಗಳಿಗೆ ಕನಿಷ್ಠ ಶೇ. 40 ವೈಕಲ್ಯ ಬೇಕು. ಬೆಳಿಗ್ಗೆ ಮೆಟ್ಟಿಲು ಹತ್ತಿ ಸಂಜೆ ಕುಸಿಯುವ ಮಗುವನ್ನು ಬೆಳಿಗ್ಗೆಯೇ ಅಳೆದರೆ ಆ ಅಂಕಿ ಯಾವ ಸತ್ಯ ಹೇಳೀತು? ಕೋಲ್ಕತ್ತದ ಮೇ ತಿಂಗಳ ಬೆವರಿಳಿಸುವ ಸೆಕೆಯಲ್ಲಿ ಶಾಲೆಯಿಂದ ಅರ್ಧಕ್ಕೇ ಮನೆಗೆ ಹೋಗುವ ಮಗುವನ್ನು ಸೋಮಾರಿ ಎನ್ನುವುದು ಸುಲಭ. ಇಂಥ ರೋಗವನ್ನು ಅಳೆಯಬೇಕಾದದ್ದು ಅದರ ಕೆಟ್ಟ ದಿನಗಳಿಂದ.

ಮದ್ದೇ ಇಲ್ಲದ ಮೇಲೆ ದುಬಾರಿ ಜೀನ್ ಪರೀಕ್ಷೆ ಏತಕ್ಕೆ ಎಂದು ಕೇಳುವವರಿದ್ದಾರೆ. ಮೊದಲನೆಯದಾಗಿ, ಈ ಗುಂಪಿನ ರೋಗಗಳನ್ನೇ ಹೋಲುವ ಕೆಲವು ಕಾಯಿಲೆಗಳಿಗೆ ಮದ್ದಿದೆ. ಒಂದು ಬಗೆಯದು ಥಯಾಮಿನ್, ಬಯೋಟಿನ್ ಎಂಬ ಅಗ್ಗದ ವಿಟಮಿನ್‌ಗಳಿಗೇ ಬಗ್ಗುತ್ತದೆ, ಬೇಗ ಕೊಟ್ಟರೆ. ಪರೀಕ್ಷೆಯಿಲ್ಲದೆ ಆ ಮಗುವನ್ನು ಕೈಬಿಡುವುದು ಅಕ್ಷಮ್ಯ. ಇದಕ್ಕಿಂತ ಆಳದ ಕಾರಣ ತಾಯಂದಿರದು. ಮೈಟೊಕಾಂಡ್ರಿಯದ ಸ್ವಂತ ಡಿಎನ್‌ಎ, ಅದರ 37 ಜೀನ್‌ಗಳು, ತಾಯಿಯಿಂದ ಮಾತ್ರ ಬರುತ್ತವೆ. ಈ ಒಂದು ವಾಕ್ಯ ನಮ್ಮ ಮನೆಗಳಲ್ಲಿ ಸೊಸೆಯ ಮೇಲಿನ ತೀರ್ಪಾಗಿಬಿಡಬಲ್ಲದು. ಉಳಿದ ಅರ್ಧ ಸತ್ಯವನ್ನೂ ಹೇಳಬೇಕು: ಮಕ್ಕಳಲ್ಲಿ ಕಾಣಿಸುವ ಈ ರೋಗಗಳಲ್ಲಿ ಹೆಚ್ಚಿನವು ಕೋಶಕೇಂದ್ರದ ಜೀನ್‌ಗಳ ದೋಷದಿಂದ ಬರುವಂಥವು, ಬಹುತೇಕ ತಂದೆ ತಾಯಿ ಇಬ್ಬರಿಂದಲೂ. ದೋಷ ಎಲ್ಲಿಯದೆಂದು ಪರೀಕ್ಷೆಯೇ ಹೇಳಬೇಕು. ತಾಯಿಯಿಂದಲೇ ಬಂದಾಗಲೂ ಅದು ಅವಳ ತಪ್ಪಲ್ಲ. ಫಲಿತಾಂಶ ಕೈಗಿಡುವಾಗ ಇದನ್ನು ಗಂಡನ ಮನೆಯವರನ್ನೂ ಕೂರಿಸಿಕೊಂಡು ತಿಳಿಹೇಳುವ ಸಲಹೆಗಾರರು ಬೇಕು. ಅದು ಪರೀಕ್ಷೆಯಷ್ಟೇ ಮುಖ್ಯ.

ಭೇದಿ, ಅಪೌಷ್ಟಿಕತೆಯಿಂದ ಸಾವಿರಾರು ಮಕ್ಕಳು ಸಾಯುವ ದೇಶದಲ್ಲಿ ಕೆಲವೇ ಮಕ್ಕಳಿಗೆ ಇಷ್ಟು ಹಣವೇ ಎಂಬ ಆಕ್ಷೇಪ ಹಗುರವಾದುದಲ್ಲ. ಕೋಟಿಗಟ್ಟಲೆಯ ಔಷಧಿ ಕೇಳುತ್ತಿದ್ದರೆ ನಾನೂ ಹಿಂಜರಿಯುತ್ತಿದ್ದೆ. ಇಲ್ಲಿ ಬೇಕಾಗಿರುವುದು ಫಿಸಿಯೋಥೆರಪಿ, ನುಂಗಲಾಗದವರಿಗೆ ಆಹಾರದ ನಳಿಕೆ, ಗಾಲಿಕುರ್ಚಿ, ಕೆಲಸ ಬಿಟ್ಟು ಕೂತ ತಾಯಿಗೆ ಒಂದಿಷ್ಟು ಭತ್ಯೆ. ಕೋಲ್ಕತ್ತ ನಗರವೇ ಇದಕ್ಕೆ ದಾರಿಯನ್ನೂ ತೋರಿಸಿದೆ. ಇಂದಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೆರೆಬ್ರಲ್ ಪಾಲ್ಸಿ ಇಲ್ಲಿ ಹುಟ್ಟಿದ್ದು 1974ರಲ್ಲಿ. ಸೆರೆಬ್ರಲ್ ಪಾಲ್ಸಿಗೆ ಅಂದೂ ಮದ್ದಿರಲಿಲ್ಲ, ಇಂದೂ ಇಲ್ಲ. ಮದ್ದು ಬರಲೆಂದು ಕಾಯದೆ ಶಾಲೆ, ಥೆರಪಿ, ಪೋಷಕರ ತರಬೇತಿ ಶುರುವಾದವು. ಆದರೆ ರಾತ್ರಿ ಬಂಗಾಳದ ಪುರುಲಿಯಾ ಜಿಲ್ಲೆಯಲ್ಲಿ ಜ್ವರ ಏರಿದ ಮಗುವಿಗೆ ಕೋಲ್ಕತ್ತ ದೂರ. ಅಲ್ಲಿನ ಪಾಳಿಯ ವೈದ್ಯರು ಈ ರೋಗವನ್ನು ಕಂಡೇ ಇರಲಾರರು. ಯಾವ ಡ್ರಿಪ್ ಹಾಕಬೇಕು, ಯಾವ ಮಾತ್ರೆ ಕೊಡಕೂಡದು, ಯಾರಿಗೆ ಫೋನ್ ಮಾಡಬೇಕು ಎಂದು ದೊಡ್ಡಾಸ್ಪತ್ರೆ ಬರೆದುಕೊಟ್ಟ ಒಂದು ಪುಟ ಆ ತಾಯಿಯ ಚೀಲದಲ್ಲಿರಲಿ, ಬಂಗಾಳಿಯಲ್ಲೂ ಇಂಗ್ಲಿಷಿನಲ್ಲೂ.